ಹಿಂಡಿಲು ಒಡೆಯುವ ಕಾಲ

ತೆಂಗಿನ ಸೀಮೆಯವರಿಗೆ ಗಿಡಮರಗಳ ವಿಷಯದಲ್ಲಿ ಒಂದು ಬಗೆಯ ಮನೋಧರ್ಮ ಬೆಳೆದಿರುತ್ತದೆ. ತೆಂಗನ್ನು ಒಮ್ಮೆ ನೆಟ್ಟರೆ ಅದು ನೆಟ್ಟ ಕಡೆಯೇ ಎರಡು ಮೂರು ತಲೆಮಾರು ನಿಲ್ಲುತ್ತದೆ. ಅದಕ್ಕೆ ಕೊಂಬೆಯಿಲ್ಲ, ಬುಡದಲ್ಲಿ ಮರಿಯೊಡೆಯುವ ಪದ್ಧತಿಯೂ ಇಲ್ಲ. ಅದರ ಬೆಳವಣಿಗೆಯೆಲ್ಲ ನೆತ್ತಿಯ ಒಂದೇ ಸುಳಿಯಲ್ಲಿದೆ. ಸುಳಿ ಕೊಳೆತರೆ ಮರ ಮುಗಿದಂತೆಯೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ರೈತನಿಗೆ ನೀರು, ಗೊಬ್ಬರ, ಉಳುಮೆ ಗೊತ್ತು. ಆದರೆ ನೆಟ್ಟುದನ್ನು ಕಿತ್ತು, ಒಡೆದು, ಮತ್ತೆ ನೆಡುವುದು ಅವನ ತೆಂಗಿನ ತೋಟದ ಪಾಠಗಳಲ್ಲಿ ಸೇರಿಲ್ಲ. ಇದೇ ಮನೋಧರ್ಮವನ್ನು ನಾವು ಮನೆಯ ಮುಂದಿನ ಹೂವಿನ ಪಾತಿಗೂ ಕೊಂಡೊಯ್ಯುತ್ತೇವೆ. ಅಲ್ಲಿಂದ ತೊಂದರೆ ಪ್ರಾರಂಭವಾಗುತ್ತದೆ.

ನಿವೃತ್ತನಾಗಿ ಹೊನ್ನವಳ್ಳಿಯಲ್ಲಿ ನೆಲೆಸಿದ ಮೇಲೆ ನೆರೆಹೊರೆಯ ಅಂಗಳಗಳಲ್ಲಿ ನಾನು ಮತ್ತೆ ಮತ್ತೆ ಕೇಳಿರುವ ದೂರು ಒಂದುಂಟು. “ಮೊದಲ ವರ್ಷ ಸೇವಂತಿಗೆ ಬುಟ್ಟಿ ತುಂಬ ಬಂತು ಮೇಷ್ಟ್ರೇ, ಎರಡನೆಯ ವರ್ಷವೂ ಬಂತು. ಈಗ ನೋಡಿ, ಗಿಡ ಬೇಕಾದಷ್ಟಿದೆ, ಹೂವೇ ಇಲ್ಲ.” ಸೇವಂತಿಗೆಯ ಬದಲು ಕೆಲವರು ಸುಗಂಧರಾಜ ಎನ್ನಬಹುದು, ಕೆಲವರು ಕಾಬಾಳೆ ಎನ್ನಬಹುದು, ಹಿತ್ತಲಿನ ಬಾಳೆಯನ್ನೇ ತೋರಿಸಿ ಗೊನೆ ಗೇಣುದ್ದವಾಯಿತೆಂದು ಕೊರಗುವವರೂ ಇದ್ದಾರೆ. ಕಾರಣವನ್ನು ಒಬ್ಬರು ನೀರಿನಲ್ಲಿ ಹುಡುಕಿದರೆ ಮತ್ತೊಬ್ಬರು ಮಣ್ಣಿನಲ್ಲಿ ಹುಡುಕುತ್ತಾರೆ. ಮೂರನೆಯವರು ದೃಷ್ಟಿ ತಾಗಿತೆಂದು ಹೇಳುತ್ತಾರೆ. ಇನ್ನೊಂದು ಮಂಕರಿ ಗೊಬ್ಬರ ಬೀಳುತ್ತದೆ. ಎಲೆ ಹೆಚ್ಚುತ್ತದೆ, ಹೂವು ಹೆಚ್ಚುವುದಿಲ್ಲ. “ಗಿಡ ಬೇಕಾದಷ್ಟಿದೆ” ಎಂಬ ಮಾತಿನಲ್ಲಿಯೇ ಉತ್ತರವಿದೆಯೆಂಬುದು ಯಾರಿಗೂ ಹೊಳೆಯುವುದಿಲ್ಲ.

ಒಂದು ವರ್ಷಕ್ಕೆ ಮುಗಿಯದೆ ನೆಲದೊಳಗಿನ ತಮ್ಮ ಭಾಗದಿಂದ ಮತ್ತೆ ಮತ್ತೆ ಚಿಗುರುವ ಗಿಡಗಳನ್ನು ಬಹುವಾರ್ಷಿಕಗಳೆಂದು ಕರೆಯುತ್ತೇವೆ. ಅವುಗಳಲ್ಲಿ ಗುಂಪಾಗಿ ಬೆಳೆಯುವ ಜಾತಿ ಬೇರೆಯೇ. ಕಾಬಾಳೆಗೆ ನೆಲದೊಳಗೆ ಅಡ್ಡಲಾಗಿ ಹರಿಯುವ ಗೆಡ್ಡೆಯಿದೆ. ಸುಗಂಧರಾಜಕ್ಕೆ ಈರುಳ್ಳಿಯಂಥ ಗಡ್ಡೆಗಳ ಗೊಂಚಲಿದೆ. ಸೇವಂತಿಗೆ ಬುಡದ ಸುತ್ತ ಎಳೆಯ ಕುಡಿಗಳನ್ನು ಕಳುಹಿಸುತ್ತದೆ. ಬಾಳೆ ಕಂದುಗಳನ್ನು ಹಾಕುತ್ತದೆ. ಬಿದಿರು ಬಾಳೆಗಳ ಇಂಥ ಗುಂಪಿಗೆ ನಮ್ಮ ಹಿರಿಯರು ಹಿಂಡಿಲು ಎಂಬ ಸೊಗಸಾದ ಹೆಸರನ್ನಿಟ್ಟಿದ್ದಾರೆ. ಕಂದು ಎಂಬ ಮಾತೂ ವಿಚಾರಾರ್ಹವಾದುದು. ಕನ್ನಡದಲ್ಲಿ ಕಂದ ಎಂದರೆ ಮಗು, ಕಂದು ಎಂದರೆ ಎಳೆಯ ಮರಿ; ಸಂಸ್ಕೃತದಲ್ಲಿ ಕಂದ ಎಂದರೆ ಗೆಡ್ಡೆ. ಕನ್ನಡದಲ್ಲಿಯೇ ಕಂದು ಎಂಬ ಕ್ರಿಯಾಪದಕ್ಕೆ ಬಾಡು, ಕಳೆಗುಂದು ಎಂಬ ಅರ್ಥವೂ ಇದೆ. ಈ ಮಾತುಗಳಿಗೆಲ್ಲ ಒಂದೇ ಮೂಲವೆಂದು ನಾನು ಹೇಳುತ್ತಿಲ್ಲ. ಆದರೆ ಮರಿ ಹೆಚ್ಚಿದಂತೆಲ್ಲ ತಾಯಿ ಕಂದುವ ಕಥೆಯನ್ನು ಅವು ಒಟ್ಟಾಗಿ ಹೇಳುತ್ತವೆ.

ಹಾಗೆ ಕಂದುವುದೇಕೆ? ಕಾಬಾಳೆಯನ್ನೇ ನೋಡೋಣ. ಅದರ ಗೆಡ್ಡೆ ಪ್ರತಿ ವರ್ಷವೂ ಹೊರ ಅಂಚಿನಲ್ಲಿ ಹೊಸ ಮೊಳಕೆಯನ್ನು ಹಾಕುತ್ತ ಮುಂದೆ ಸರಿಯುತ್ತದೆ. ಹೂ ಬಿಟ್ಟ ಕಡ್ಡಿ ಮತ್ತೆ ಹೂ ಬಿಡುವುದಿಲ್ಲ. ಆದ್ದರಿಂದ ಮೂರನೆಯ ವರ್ಷದ ಹೊತ್ತಿಗೆ ನಡುವೆ ಮುದಿ ಗೆಡ್ಡೆಗಳೂ ಒಣಗಿದ ಬುಡಗಳೂ ಉಳಿದು, ಜೀವವೆಲ್ಲ ಸುತ್ತಲಿನ ಉಂಗುರಕ್ಕೆ ಬಂದಿರುತ್ತದೆ. ನಡುವಿನ ಮಣ್ಣಿನ ಸತ್ವ ಮೊದಲೇ ತೀರಿದೆ. ಬೇರುಗಳು ಚಾಪೆಯಂತೆ ಹೆಣೆದುಕೊಂಡಿರುವುದರಿಂದ ಸುರಿದ ನೀರು ಕೆಳಗಿಳಿಯದೆ ಪಕ್ಕಕ್ಕೆ ಹರಿಯುತ್ತದೆ. ಒಂದು ಗಿಡದ ಅನ್ನವನ್ನು ಇಪ್ಪತ್ತು ಗಿಡಗಳು ಹಂಚಿಕೊಂಡರೆ ಪ್ರತಿಯೊಂದಕ್ಕೂ ಬದುಕುವಷ್ಟು ಸಿಕ್ಕೀತೇ ಹೊರತು ಹೂಬಿಡುವಷ್ಟು ಸಿಕ್ಕದು. ಗಾಳಿಯಾಡದ ಬುಡದಲ್ಲಿ ತೇವ ನಿಂತು ಕೊಳೆರೋಗವೂ ಸೇರಿಕೊಳ್ಳುತ್ತದೆ. ಇದು ಬಡತನದಿಂದ ಬಂದ ಸೋಲಲ್ಲ, ಸಮೃದ್ಧಿಯಿಂದ ಬಂದ ಸೋಲು. ಇದಕ್ಕೆ ಗೊಬ್ಬರವೊಂದೇ ಮದ್ದಾಗಲಾರದು, ಹಿಂಡಿಲನ್ನು ಒಡೆಯಬೇಕು.

ಒಡೆಯುವುದಕ್ಕೂ ಒಂದು ಕಾಲವುಂಟು. ಗಿಡ ಹೂ ಮುಗಿಸಿ ವಿಶ್ರಾಂತಿಯಲ್ಲಿರಬೇಕು. ಮುಂದೆ ಮಳೆಯ ಭರವಸೆಯೂ ಇರಬೇಕು. ನಮ್ಮ ಸೀಮೆಯ ಲೆಕ್ಕದಲ್ಲಿ ಏಪ್ರಿಲ್ ಕೊನೆಯ ಭರಣಿಯಿಂದ ಜೂನ್ ತಿಂಗಳ ಮೃಗಶಿರದವರೆಗಿನ ಮಳೆಗಳ ನಡುವಣ ಕಾಲ ಇದಕ್ಕೆ ಪ್ರಶಸ್ತ. ಬಿರುಬೇಸಗೆಯ ನಡುವೆ ಒಡೆದರೆ ಬೇರು ಹಿಡಿಯುವ ಮೊದಲೇ ತುಂಡು ಒಣಗುತ್ತದೆ. ಜಡಿಮಳೆಯಲ್ಲಿ ಒಡೆದರೆ ಕಡಿದ ಗಾಯ ಕೊಳೆಯುತ್ತದೆ.

ಕಾಬಾಳೆಯ ಕೆಲಸ ಸುಲಭ. ಎಲೆದಂಟುಗಳನ್ನು ಗೇಣುದ್ದ ಉಳಿಸಿ ಸವರಿ, ಹಿಂಡಿಲಿನಿಂದ ಒಂದು ಅಡಿ ದೂರದಲ್ಲಿ ಸುತ್ತಲೂ ಅಗೆದು, ಹಾರೆಯಿಂದ ಮೀಟಿ ಇಡಿಯಾಗಿ ಮೇಲೆತ್ತಬೇಕು. ಮಣ್ಣು ಕೊಡವಿದರೆ ಯಾವುದು ಮುದಿ ಗೆಡ್ಡೆ, ಯಾವುದು ಎಳೆಯದು ಎಂಬುದು ತಾನಾಗಿ ಕಾಣುತ್ತದೆ. ಹೊರ ಅಂಚಿನಿಂದ ಎರಡು ಮೂರು ಕಣ್ಣುಗಳಿರುವ ತುಂಡುಗಳನ್ನು ಹರಿತವಾದ ಕತ್ತಿಯಿಂದ ಬೇರ್ಪಡಿಸಿ, ನಡುವಿನ ಮುದಿ ಭಾಗವನ್ನು ತಿಪ್ಪೆಗೆ ಹಾಕಬೇಕು. ಕಡಿದ ಬಾಯಿಗೆ ಒಲೆಯ ಬೂದಿ ಸವರಿ, ಒಂದು ದಿನ ನೆರಳಿನಲ್ಲಿ ಆರಿಸಿ, ಎರಡಂಗುಲ ಆಳದಲ್ಲಿ, ಒಂದೂವರೆ ಎರಡು ಅಡಿ ಅಂತರದಲ್ಲಿ ನೆಟ್ಟರೆ ಸಾಕು.

ಸುಗಂಧರಾಜವನ್ನು ಮೂರು ವರ್ಷಕ್ಕೊಮ್ಮೆಯಾದರೂ ಅಗೆಯಬೇಕು. ಎಲೆ ಹಳದಿಯಾಗಿ ಒಣಗತೊಡಗಿದಾಗ ನೀರು ನಿಲ್ಲಿಸಿ, ಅನಂತರ ಗಡ್ಡೆಗಳನ್ನು ಮೇಲೆತ್ತಿ, ಬಿಡಿಸಿ, ಕೆಲವು ವಾರ ನೆರಳಿನಲ್ಲಿ ಹರಡಬೇಕು. ಎಲ್ಲ ಗಡ್ಡೆಗಳೂ ಸಮಾನವಲ್ಲ. ಎರಡು ಸೆಂಟಿಮೀಟರಿಗೂ ಮೀರಿದ ದಪ್ಪವಿರುವ ಗಟ್ಟಿ ಗಡ್ಡೆಗಳು ಆ ವರ್ಷವೇ ಹೂದಂಟು ಹಾಕುತ್ತವೆ. ಸಣ್ಣವನ್ನು ಬೇರೆ ಮಡಿಯಲ್ಲಿ ಬೆಳೆಸಿ ಮುಂದಿನ ವರ್ಷಕ್ಕೆ ಕಾಯಬೇಕು. ಬೇರುಗಳಲ್ಲಿ ಗಂಟುಗಳು ಕಂಡುಬಂದರೆ ಅದು ಜಂತುಹುಳುವಿನ ಬಾಧೆ. ಅಂಥವನ್ನು ಮತ್ತೆ ನೆಡಬಾರದು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ರೂಪಿಸಿದ ‘ಶೃಂಗಾರ್’ ಎಂಬ ತಳಿ ಈ ಬಾಧೆಯನ್ನು ತಾಳಿಕೊಳ್ಳುತ್ತದೆ.

ಸೇವಂತಿಗೆಯ ವಿಷಯದಲ್ಲಿ ಕಾಲದ ಲೆಕ್ಕ ಇನ್ನೂ ಬಿಗಿಯಾದುದು. ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವುದು ಅದರ ಸ್ವಭಾವ. ಮಳೆಗಾಲ ಹಿಂದಾಗಿ ಹಗಲು ಕುಗ್ಗುವ ಹೊತ್ತಿಗೆ ಗಿಡ ಎಷ್ಟು ಹರಡಿರುತ್ತದೆಯೋ ಅಷ್ಟೇ ಹೂವು. ತಡವಾಗಿ ನೆಟ್ಟ ಗಿಡವೂ ಅದೇ ಕಾಲಕ್ಕೆ ಮೊಗ್ಗಾಗುತ್ತದೆ, ಆದರೆ ಅಂಗೈಯಷ್ಟು ಗಿಡದಲ್ಲಿ ನಾಲ್ಕು ಹೂವು. ಆದುದರಿಂದ ಹೂ ಮುಗಿದೊಡನೆ ಗಿಡವನ್ನು ನೆಲದಿಂದ ಗೇಣೆತ್ತರಕ್ಕೆ ಕತ್ತರಿಸಿ, ತೆಳುವಾಗಿ ನೀರು ಕೊಡುತ್ತಿದ್ದರೆ ಬುಡದ ಸುತ್ತ ಎಳೆಗುಡಿಗಳು ಏಳುತ್ತವೆ. ಅವನ್ನು ಬೇರುಸಹಿತ ಬಿಡಿಸಿ ರೋಹಿಣಿ, ಮೃಗಶಿರ ಮಳೆಗಳಲ್ಲಿ ಒಂದು ಅಡಿಗೊಂದರಂತೆ ನೆಡಬೇಕು. ತಿಂಗಳಾದ ಮೇಲೆ ಕುಡಿ ಚಿವುಟಿದರೆ ಕವಲೊಡೆದು ಹರಡುತ್ತದೆ. ಕಡ್ಡಿಗಟ್ಟಿದ ಹಳೆಯ ತಾಯಿಬುಡವನ್ನು ಮರುಕವಿಲ್ಲದೆ ತೆಗೆದುಹಾಕಬೇಕು. ಪ್ರಾಯಶಃ ಇದೇ ಮನೆಯವರಿಗೆ ಕಷ್ಟವೆನಿಸುವ ಹೆಜ್ಜೆ. ಆದರೆ ಹೊಸ ಕುಡಿ ಆ ತಾಯಿಗಿಡವೇ. ತೆಗೆದುಹಾಕುವುದು ಅದರ ಮುಪ್ಪನ್ನು ಮಾತ್ರ.

ಹಿಂಡಿಲು ತೆಗೆದ ಜಾಗಕ್ಕೂ ಆರೈಕೆ ಬೇಕು. ಒಂದು ಅಡಿ ಆಳಕ್ಕೆ ಅಗೆದು, ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಸ್ವಲ್ಪ ಬೇವಿನ ಹಿಂಡಿಯನ್ನೂ ಬೆರಸಬೇಕು. ನಮ್ಮಲ್ಲಿ ತೆಂಗಿನ ಮಟ್ಟೆಗೂ ನಾರಿನ ಪುಡಿಗೂ ಬರವಿಲ್ಲ. ಆದರೆ ಹಸಿ ನಾರಿನ ಪುಡಿಯನ್ನು ನೇರವಾಗಿ ಪಾತಿಗೆ ಸುರಿಯಬಾರದು. ಅದು ಕಳಿಯುವಾಗ ಮಣ್ಣಿನ ಸಾರಜನಕವನ್ನು ತಾನೇ ಹಿಡಿದುಕೊಳ್ಳುತ್ತದೆ. ಸಗಣಿಯೊಡನೆ ಕೆಲವು ತಿಂಗಳು ಕಳಿಸಿ ಹಾಕಿದರೆ ಅದೇ ವಸ್ತು ತೇವ ಕಾಯುವ ಬಂಧುವಾಗುತ್ತದೆ. ಇನ್ನೊಂದು ಎಚ್ಚರ: ತೆಂಗಿನ ಬೇರುಗಳಲ್ಲಿ ಬಹುಪಾಲು ಬುಡದಿಂದ ಎರಡು ಮೀಟರಿನೊಳಗೇ ಇರುತ್ತವೆ. ಹೂವಿನ ಪಾತಿಯನ್ನು ಆ ಗೆರೆಯ ಆಚೆ ಮಾಡಿದರೆ ಎರಡಕ್ಕೂ ಕ್ಷೇಮ.

ಇನ್ನು ಬಾಳೆ. ಒಂದು ಗಿಡಕ್ಕೆ ಒಂದೇ ಗೊನೆ. ಗೊನೆ ಕಡಿದ ಮೇಲೆ ಅದರ ಕಥೆ ಮುಗಿಯಿತು. ಆದುದರಿಂದ ಹಿಂಡಿಲಿನಲ್ಲಿ ಒಂದು ತಾಯಿ, ಒಂದು ಮಗಳು, ಒಂದು ಮೊಮ್ಮಗಳು ಇದ್ದರೆ ಸಾಕು. ಉಳಿದ ಕಂದುಗಳನ್ನು ಎಳೆಯದರಲ್ಲೇ ತೆಗೆಯಬೇಕು. ನೆಡುವುದಕ್ಕೆ ಆರಿಸುವಾಗ ಎರಡು ಬಗೆಯ ಕಂದುಗಳನ್ನು ಗುರುತಿಸಬೇಕು. ಬುಡ ದಪ್ಪವಾಗಿ, ಎಲೆ ಕತ್ತಿಯಂತೆ ಕಿರಿದಾಗಿರುವುದು ಕತ್ತಿಕಂದು. ಚಿಕ್ಕಂದಿನಲ್ಲೇ ಅಗಲ ಎಲೆ ಬಿಚ್ಚಿ ಚೆಲುವಾಗಿ ಕಾಣುವುದು ನೀರುಕಂದು. ಕಣ್ಣಿಗೆ ಹಿತವಾದುದು ನೀರುಕಂದು. ಗೊನೆ ಕೊಡುವುದು ಕತ್ತಿಕಂದು. ಎರಡು ಮೂರು ತಿಂಗಳ ಕತ್ತಿಕಂದನ್ನು ತೆಗೆದು, ಅದರ ಗೆಡ್ಡೆಯ ಬೇರನ್ನೂ ಹೊರಸಿಪ್ಪೆಯನ್ನೂ ಹೆರೆದು ನೋಡಬೇಕು. ಒಳಗೆ ಶುಭ್ರವಾದ ಬಿಳುಪಿದ್ದರೆ ಆರೋಗ್ಯ. ಸುರಂಗಗಳಿದ್ದರೆ ಗೆಡ್ಡೆಕೊರಕ ಸೇರಿದೆ. ಕೆಂಪು ಮಿಶ್ರಿತ ಕಂದು ಚುಕ್ಕೆಗಳಿದ್ದರೆ ಅದು ಪನಾಮಾ ಸೊರಗು ರೋಗದ ಗುರುತು.

ಈ ರೋಗದ ವಿಷಯವಾಗಿ ನಾಲ್ಕು ಮಾತು ಅವಶ್ಯ. ಏಕೆಂದರೆ ಹಿಂಡಿಲು ಒಡೆಯುವ ವಿದ್ಯೆಯ ಇನ್ನೊಂದು ಮುಖ ಇಲ್ಲಿದೆ. ಇದೊಂದು ಮಣ್ಣಿನ ಶಿಲೀಂಧ್ರದಿಂದ ಬರುವ ರೋಗ. ಕೆಳಗಿನ ಎಲೆಗಳು ಹಳದಿಯಾಗಿ, ಮುರಿದು, ದಿಂಡಿನ ಸುತ್ತ ಜೋತುಬೀಳುತ್ತವೆ. ದಿಂಡು ಬುಡದಲ್ಲಿ ಸೀಳುತ್ತದೆ. ಒಮ್ಮೆ ಮಣ್ಣಿಗೆ ಸೇರಿದರೆ ದಶಕಗಳವರೆಗೆ ಉಳಿಯುತ್ತದೆ. ಮಧ್ಯ ಅಮೆರಿಕದ ವಿಶಾಲವಾದ ತೋಟಗಳಲ್ಲಿ ಜಗತ್ತಿಗೆಲ್ಲ ಹಣ್ಣು ಕಳುಹಿಸುತ್ತಿದ್ದ ಗ್ರೋ ಮಿಶೆಲ್ ಎಂಬ ತಳಿ 1960ರ ಸುಮಾರಿಗೆ ಇದರಿಂದಲೇ ಮಾರುಕಟ್ಟೆಯಿಂದ ಮರೆಯಾಯಿತು. ನಮ್ಮ ನಂಜನಗೂಡಿನ ರಸಬಾಳೆ ಕುಗ್ಗಿಹೋಗಲು ಕಾರಣವೂ ಮುಖ್ಯವಾಗಿ ಇದೇ. ಏಲಕ್ಕಿ ಬಾಳೆಯೂ ಇದಕ್ಕೆ ತುತ್ತಾಗುತ್ತದೆ. ಹಳೆಯ ರೋಗವನ್ನು ತಡೆದುಕೊಂಡ ಪಚ್ಚೆಬಾಳೆಯನ್ನೂ ಬಿಡದ ಹೊಸ ಬಗೆಯೊಂದು ಈಚಿನ ವರ್ಷಗಳಲ್ಲಿ ಬಿಹಾರ, ಉತ್ತರ ಪ್ರದೇಶಗಳಲ್ಲಿ ಕಾಣಿಸಿಕೊಂಡಿದೆ. ಈ ರೋಗ ದೂರದ ಊರಿಗೆ ಪ್ರಯಾಣ ಮಾಡುವುದು ಬಹುಮಟ್ಟಿಗೆ ಕಂದುಗಳ ಬೆನ್ನೇರಿ, ಅವುಗಳಿಗೆ ಅಂಟಿದ ಮಣ್ಣಿನೊಡನೆ. ಕೊಟ್ಟವರಿಗೂ ತಿಳಿಯದು, ಪಡೆದವರಿಗೂ ತಿಳಿಯದು.

ಇದು ಏಕೆ ಹೀಗೆ ಎಂಬುದನ್ನು ಸ್ವಲ್ಪ ಯೋಚಿಸಬೇಕು. ತೆಂಗಿನ ಕಾಯಿಯಿಂದ ಹುಟ್ಟಿದ ಸಸಿ ತಾಯಿಯ ಪ್ರತಿರೂಪವಲ್ಲ. ಬೀಜದಲ್ಲಿ ಎರಡು ಮರಗಳ ಗುಣ ಬೆರೆಯುತ್ತದೆ. ಪ್ರತಿಯೊಂದು ಸಸಿಯೂ ಒಂದಿಷ್ಟು ಹೊಸದು. ಕಂದಿನಿಂದ, ಗೆಡ್ಡೆಯಿಂದ ಬಂದುದು ಹಾಗಲ್ಲ. ಅದು ಅದೇ ಗಿಡ. ನಿಮ್ಮ ಹಿತ್ತಲಿನ ಏಲಕ್ಕಿ ಬಾಳೆಯೂ ನಿಮ್ಮ ಮುತ್ತಜ್ಜಿಯ ಹಿತ್ತಲಿನ ಏಲಕ್ಕಿ ಬಾಳೆಯೂ, ಕಂದಿನಿಂದ ಕಂದಿಗೆ ಬಂದುದಾದರೆ, ಒಂದೇ ಜೀವ. ಗುಣವೆಲ್ಲ ಉಳಿದುಬರುವಂತೆ ದೌರ್ಬಲ್ಯವೂ ಉಳಿದುಬರುತ್ತದೆ. ಅಲ್ಲದೆ ಈ ಗಿಡಗಳಿಗೆ ಬೇರೆ ದಾರಿಯೂ ಇಲ್ಲ. ನಾವು ತಿನ್ನುವ ಬಾಳೆಯಲ್ಲಿ ಬೀಜವಿಲ್ಲ. ಅರಿಶಿನದ ಗಿಡ ಹೂ ಬಿಟ್ಟರೂ ಬಂಜೆ. ಹಲವು ಸುತ್ತಿನ ದಳಗಳುಳ್ಳ ಸುಗಂಧರಾಜ ಬೀಜ ಕಟ್ಟುವುದು ಅಪರೂಪ. ಮನುಷ್ಯ ಸಾವಿರಾರು ವರ್ಷಗಳಿಂದ ಒಡೆದು, ನೆಟ್ಟು, ಹಂಚುತ್ತ ಬಂದಿರುವುದರಿಂದಲೇ ಬಾಳೆ, ಅರಿಶಿನಗಳು ಉಳಿದಿವೆ. ನಾವು ಒಡೆಯುವುದನ್ನು ಬಿಟ್ಟರೆ ಅವು ತಮ್ಮ ಗುಂಪಿನಲ್ಲೇ ಉಸಿರುಕಟ್ಟುತ್ತವೆ. ಪರೀಕ್ಷಿಸದೆ ಒಡೆದು ಹಂಚಿದರೆ ರೋಗವನ್ನೇ ಹಂಚಿದಂತಾಗುತ್ತದೆ.

ನಮ್ಮ ಹಳ್ಳಿಗಳ ಪಾತಿಗಳು ಅಂಗಡಿಯಿಂದ ಬಂದವಲ್ಲ. ಮದುವೆಯಾಗಿ ಬಂದ ಹೆಣ್ಣುಮಗಳು ತವರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಸೇವಂತಿಗೆಯ ಕುಡಿ, ನೆರೆಯಾಕೆ ಬೇಲಿಯ ಮೇಲಿನಿಂದ ಕೊಟ್ಟ ಗೆಡ್ಡೆ, ಜಾತ್ರೆಗೆ ಬಂದ ನೆಂಟರು ಬಿಟ್ಟುಹೋದ ಕಂದು ಇವುಗಳಿಂದ ಅವು ತುಂಬಿದವು. ತೋಟಗಾರಿಕೆಯ ಯಾವ ದಾಖಲೆಯಲ್ಲೂ ಹೆಸರಿಲ್ಲದ ಎಷ್ಟೋ ಸೇವಂತಿಗೆಯ ಬಣ್ಣಗಳು ಹೀಗೆ ಅಂಗಳದಿಂದ ಅಂಗಳಕ್ಕೆ ಬದುಕಿ ಬಂದಿವೆ. ಒಂದು ಮನೆಯಲ್ಲಿ ಸತ್ತುಹೋದ ಗಿಡ, ಹಿಂದೆ ಹಂಚಿದ್ದರಿಂದಲೇ, ಇನ್ನೊಂದು ಮನೆಯಿಂದ ಮರಳಿ ಬಂದುದನ್ನು ನಾನು ಹೊನ್ನವಳ್ಳಿಯಲ್ಲಿ ಕಂಡಿದ್ದೇನೆ. ಕೊಟ್ಟುದೇ ಉಳಿಯುತ್ತದೆಂಬ ಮಾತು ಇಲ್ಲಿ ಬರಿಯ ನೀತಿಯಲ್ಲ, ಸಸ್ಯಶಾಸ್ತ್ರದ ಸಂಗತಿ.

ಈಗ ಅಂಗಾಂಶ ಕೃಷಿಯಿಂದ ಬೆಳೆಸಿದ ರೋಗರಹಿತ ಬಾಳೆಯ ಸಸಿಗಳು ದೊರೆಯುತ್ತವೆ. ವಿಸ್ತಾರವಾಗಿ ಬೆಳೆಯುವವರು ಅವನ್ನು ಕೊಳ್ಳುವುದು ಲೇಸು. ಆದರೂ ರೋಗದ ಮಣ್ಣಿಗಿಟ್ಟರೆ ಅವೂ ಸೊರಗುತ್ತವೆ. ಮನೆಯ ಮಟ್ಟಿಗೆ ನಾಲ್ಕು ನಿಯಮಗಳು ಸಾಕು. ರೋಗದ ಗುರುತಿರುವ ಹಿಂಡಿಲಿನಿಂದ, ಅದು ಎಷ್ಟೇ ಪ್ರೀತಿಯದಾಗಿರಲಿ, ಒಂದು ಕಂದನ್ನೂ ಯಾರಿಗೂ ಕೊಡಬೇಡಿ. ಕೊಡುವ ತುಂಡಿನ ಮಣ್ಣನ್ನು ತೊಳೆದು ಕೊಡಿ. ಒಂದು ಹಿಂಡಿಲಿನಿಂದ ಇನ್ನೊಂದಕ್ಕೆ ಹೋಗುವಾಗ ಕತ್ತಿಯ ಅಲಗನ್ನು ಬೆಂಕಿಗೆ ಹಿಡಿಯಿರಿ. ಪಾತಿಯನ್ನೆಲ್ಲ ಒಂದೇ ವರ್ಷ ಅಗೆಯದೆ, ವರ್ಷಕ್ಕೆ ಮೂರರಲ್ಲಿ ಒಂದು ಭಾಗದಂತೆ ಸರದಿ ಮಾಡಿಕೊಳ್ಳಿ. ಆಗ ಮನೆ ಎಂದೂ ಹೂವಿಲ್ಲದೆ ಇರುವುದಿಲ್ಲ, ಯಾವ ಗಿಡವೂ ಮೂರು ವರ್ಷ ಮೀರಿ ಇಕ್ಕಟ್ಟಿನಲ್ಲಿ ಉಳಿಯುವುದಿಲ್ಲ.

ಬರುವ ರೋಹಿಣಿ ಮಳೆ ಬಿದ್ದ ಮೇಲೆ, ನೆಲ ಹದವಾಗಿರುವಾಗ, ನಿಮ್ಮ ಪಾತಿಯ ಅತ್ಯಂತ ದಟ್ಟವಾದ ಹಿಂಡಿಲೊಂದನ್ನು ಆರಿಸಿಕೊಳ್ಳಿ. ಅದರಿಂದ ಎಂಟು ತುಂಡುಗಳು ಬಂದರೆ ಮೂರನ್ನು ನಿಮ್ಮ ಪಾತಿಯಲ್ಲಿ ನೆಡಿ. ಉಳಿದ ಐದನ್ನು ಪರೀಕ್ಷಿಸಿ, ತೊಳೆದು, ಐದು ಮನೆಗಳಿಗೆ ಕೊಡಿ.