ಕೆಲವೇ ದಿನಗಳ ಬಿಡುವು, ತೃಪ್ತಿಯ ಪ್ರವಾಸ: ವ್ಯಾಪಾರಸ್ಥರಿಗೊಂದು ಲೆಕ್ಕಾಚಾರ

ಚಿಕ್ಕೋಡಿ ತಾಲೂಕಿನ ಕರೋಶಿಯಂಥ ಊರಿನಲ್ಲಿ ಕಿರಾಣಿ ಅಂಗಡಿ, ಗೊಬ್ಬರದ ಮಳಿಗೆ ಅಥವಾ ಬೆಲ್ಲದ ಗಾಣ ನಡೆಸುವವರಿಗೆ ರಜೆಯೆಂಬುದು ಅಪರೂಪದ ಸಂಗತಿ. ನೌಕರನಿಗೆ ರಜೆಯ ಖಾತೆಯಿದೆ. ಮಾಲೀಕನಿಗೆ ಅಂಥ ಖಾತೆಯಿಲ್ಲ. ಬಂಧುಗಳ ಮದುವೆ, ಜಾತ್ರೆ, ಅನಾರೋಗ್ಯಗಳಲ್ಲಿಯೇ ವರ್ಷದ ಬಿಡುವು ಕರಗಿಹೋಗುತ್ತದೆ. ಮಕ್ಕಳು ಓದಿಗಾಗಿ ಊರು ಬಿಡುವವರೆಗೂ ಮನೆಮಂದಿಯೆಲ್ಲ ಕೂಡಿ ಒಂದು ಪ್ರವಾಸ ಮಾಡಲಿಲ್ಲವೆಂಬ ಕೊರಗು ಅನೇಕ ಕುಟುಂಬಗಳಲ್ಲಿದೆ. ದಿನಗಳ ಕೊರತೆಗಿಂತ ಯೋಜನೆಯ ಕೊರತೆಯೇ ಇದಕ್ಕೆ ಮುಖ್ಯ ಕಾರಣ.

ಬಾಗಿಲು ಹಾಕಿದ ದಿನದ ನಿಜವಾದ ನಷ್ಟ

ದಿನಕ್ಕೆ 20,000 ರೂಪಾಯಿ ವಹಿವಾಟಿರುವ ಅಂಗಡಿಯನ್ನು ಒಂದು ದಿನ ಮುಚ್ಚಿದರೆ ಅಷ್ಟೂ ಹಣ ಹೋಯಿತೆಂದು ಭಾವಿಸುವವರುಂಟು. ಮಾಲು ಕಪಾಟಿನಲ್ಲಿಯೇ ಉಳಿದಿರುತ್ತದೆ. ಕೈತಪ್ಪುವುದು ಲಾಭಾಂಶ ಮಾತ್ರ. ಲಾಭಾಂಶ ಶೇಕಡಾ 8 ಎಂದಿಟ್ಟುಕೊಂಡರೆ ಅದು 1,600 ರೂಪಾಯಿ. ವಾರ ಮೊದಲೇ ಫಲಕ ಹಾಕಿದರೆ ಖಾಯಂ ಗಿರಾಕಿಗಳು ಹಿಂದಿನ ದಿನವೇ ಖರೀದಿಸುವುದರಿಂದ ಅದರಲ್ಲಿಯೂ ಒಂದು ಪಾಲು ಉಳಿಯುತ್ತದೆ. ಹಾಲು, ತರಕಾರಿಯಂಥ ಬೇಗ ಕೆಡುವ ಮಾಲಿನ ವ್ಯಾಪಾರಸ್ಥರು ಮಾತ್ರ ದಾಸ್ತಾನನ್ನು ಮೊದಲೇ ಇಳಿಸಿಕೊಳ್ಳಬೇಕು.

ಮೂರು ಕ್ಯಾಲೆಂಡರುಗಳು

ವರ್ಷಾರಂಭದಲ್ಲಿಯೇ ಮೂರು ಕ್ಯಾಲೆಂಡರುಗಳನ್ನು ಒಟ್ಟಿಗೆ ನೋಡುವುದು ಒಳಿತು. ಮೊದಲನೆಯದು ಕಾನೂನಿನದು. ಟಿಡಿಎಸ್ ಜಮೆಗೆ 7ನೆಯ ತಾರೀಖು, ಜಿಎಸ್‌ಟಿಆರ್-1ಕ್ಕೆ 11, ಭವಿಷ್ಯನಿಧಿ ಹಾಗೂ ಇಎಸ್‌ಐಗೆ 15, ಜಿಎಸ್‌ಟಿಆರ್-3ಬಿಗೆ 20 ಕೊನೆಯ ದಿನಗಳು. ಆದುದರಿಂದ ಪ್ರತಿ ತಿಂಗಳೂ ವಿವರಪತ್ರ ಸಲ್ಲಿಸುವವರಿಗೆ 21ರಿಂದ ತಿಂಗಳ ಕೊನೆಯವರೆಗಿನ ಅವಧಿ ನಿರಾತಂಕವಾದುದು. ಮಾರ್ಚ್ ತಿಂಗಳನ್ನು ಇದರಿಂದ ಹೊರಗಿಡಬೇಕು.

ಎರಡನೆಯದು ಹಂಗಾಮಿನದು. ಈ ಭಾಗದಲ್ಲಿ ಕಬ್ಬು ನುರಿಸುವ ಕಾಲದಲ್ಲಿ ಗಾಣಗಳಿಗೂ, ಬಿತ್ತನೆಯ ಕಾಲದಲ್ಲಿ ಗೊಬ್ಬರದ ವ್ಯಾಪಾರಿಗಳಿಗೂ ಬಿಡುವಿರುವುದಿಲ್ಲ. ಒಬ್ಬರ ಹಂಗಾಮು ಇನ್ನೊಬ್ಬರ ಬಿಡುವಾಗಿರುವುದರಿಂದ ಹಿಂದಿನ ಎರಡು ವರ್ಷಗಳ ಮಾರಾಟದ ಪುಸ್ತಕ ತೆರೆದು ತಮ್ಮ ತಮ್ಮ ಮಂದವಾದ ವಾರಗಳನ್ನು ಗುರುತಿಸಿಕೊಳ್ಳುವುದು ಸೂಕ್ತ.

ಮೂರನೆಯದು ಸಾರ್ವತ್ರಿಕ ರಜೆಗಳದು. 2026ರಲ್ಲಿ ಅಕ್ಟೋಬರ್ 2, ಗಾಂಧಿ ಜಯಂತಿ, ಶುಕ್ರವಾರ ಬರುತ್ತದೆ. ವಾರದ ರಜೆ ರವಿವಾರವಾಗಿದ್ದಲ್ಲಿ ಶನಿವಾರ ಒಂದು ದಿನವನ್ನು ಬಿಟ್ಟುಕೊಟ್ಟರೆ ಮೂರು ದಿನಗಳು ದೊರೆಯುತ್ತವೆ. 7ರ ಗಡುವಿಗೂ ಮೊದಲೇ ಮರಳಬಹುದು.

ಮೂರು ದಿನಗಳಲ್ಲಿ ಏನು ಸಾಧ್ಯ?

ಶುಕ್ರವಾರ ನಸುಕಿನಲ್ಲಿ ಹೊರಟು ಘಟಪ್ರಭೆಯ ಗೋಕಾಕ ಜಲಪಾತ ನೋಡಿಕೊಂಡು ಸಂಜೆಗೆ ಬಾದಾಮಿ ಸೇರಬಹುದು. ಶನಿವಾರ ಮುಂಜಾನೆ ಅಲ್ಲಿನ ಗುಹಾಲಯಗಳು. ಮಧ್ಯಾಹ್ನದ ನಂತರ 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲು ಮತ್ತು ಸಮೀಪದ ಐಹೊಳೆ. ರವಿವಾರ ಕೃಷ್ಣಾ–ಮಲಪ್ರಭೆಯರು ಕೂಡುವ ಕೂಡಲಸಂಗಮದ ದರ್ಶನ ಮಾಡಿ ರಾತ್ರಿಗೆ ಊರು ಸೇರಬಹುದು. ಇದಕ್ಕಿಂತ ಹೆಚ್ಚು ಸ್ಥಳಗಳನ್ನು ಸೇರಿಸಿದರೆ ವೇಳೆಯೆಲ್ಲ ವಾಹನದಲ್ಲಿಯೇ ಕಳೆದುಹೋಗುತ್ತದೆ. ಸಾಲು ರಜೆಗಳಲ್ಲಿ ಜನಸಂದಣಿ ಹೆಚ್ಚಿರುವುದರಿಂದ ವಸತಿಯನ್ನು ಮೊದಲೇ ಕಾಯ್ದಿರಿಸಬೇಕು.

ದೂರದ ಪ್ರವಾಸಕ್ಕೆ ತಿಂಗಳ ಕೊನೆಯ ವಾರವೇ ಅನುಕೂಲ. ರೈಲ್ವೆಯ ಮುಂಗಡ ಕಾಯ್ದಿರಿಸುವಿಕೆಯ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನಗಳಿಗೆ ಬದಲಾಗಿ 60 ದಿನಗಳಿಗೆ ಇಳಿಸಲಾಗಿದೆ. ಟಿಕೆಟ್ ತೆರೆಯುವ ದಿನವನ್ನೂ ಕ್ಯಾಲೆಂಡರಿನಲ್ಲಿ ಗುರುತಿಸಿಡಬೇಕು.

ಕೆಲಸಗಾರರ ರಜೆ

ಮಾಲೀಕನ ಬಿಡುವಿನೊಡನೆ ಕೆಲಸಗಾರರ ರಜೆಯನ್ನೂ ಹೊಂದಿಸಿದರೆ ಉಭಯತರಿಗೂ ಲಾಭ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಅನ್ವಯಿಸುವ ಘಟಕಗಳಲ್ಲಿ, ವರ್ಷಕ್ಕೆ 180 ದಿನ ದುಡಿದ ಕಾರ್ಮಿಕನಿಗೆ ಪ್ರತಿ 20 ದಿನಗಳಿಗೆ ಒಂದರಂತೆ ಸವೇತನ ರಜೆ ಸಲ್ಲುತ್ತದೆ. 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ ಈ ಅರ್ಹತೆ 240 ದಿನಗಳಾಗಿತ್ತು. 300 ದಿನ ದುಡಿದವನಿಗೆ 15 ದಿನಗಳಾಗುತ್ತವೆ. ಅವನಿಗೂ ಕುಟುಂಬವಿದೆ, ಮಂದ ವಾರದಲ್ಲಿ ಅವನ ಒಪ್ಪಿಗೆ ಪಡೆದು ಈ ರಜೆ ನೀಡಿದರೆ ಹಂಗಾಮಿನಲ್ಲಿ ಗೈರುಹಾಜರಿ ಕಡಿಮೆಯಾಗುತ್ತದೆ.

ಲೆಕ್ಕದಲ್ಲಿ ಎಚ್ಚರ

ಕುಟುಂಬದ ಪ್ರವಾಸದ ವೆಚ್ಚ ವ್ಯಾಪಾರದ ವೆಚ್ಚವಲ್ಲ. ಅದನ್ನು ಮಾಲೀಕನ ಸ್ವಂತ ಖಾತೆಗೇ ಖರ್ಚು ಹಾಕಬೇಕು. ಖರೀದಿಗೆಂದು ಹೋಗಿ ಎರಡು ದಿನ ಹೆಚ್ಚು ಉಳಿದಲ್ಲಿ, ವ್ಯಾಪಾರಕ್ಕೆ ಸಂಬಂಧಿಸಿದ ಭಾಗವನ್ನಷ್ಟೇ ರಸೀದಿಗಳ ಆಧಾರದಿಂದ ಬೇರ್ಪಡಿಸಿ ಬರೆಯತಕ್ಕದ್ದು. ತಿಂಗಳಿಗೆ 2,000 ರೂಪಾಯಿ ಪ್ರತ್ಯೇಕವಾಗಿ ತೆಗೆದಿಟ್ಟರೆ ವರ್ಷಕ್ಕೆ 24,000 ರೂಪಾಯಿ ಕೂಡಿ, ದುಡಿಯುವ ಬಂಡವಾಳಕ್ಕೆ ಕೈ ಹಾಕುವ ಪ್ರಸಂಗ ಬರುವುದಿಲ್ಲ.

ದೀಪಾವಳಿಯಲ್ಲಿ ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಸಲ್ಲಿಸುವಾಗಲೇ ಬರುವ ವರ್ಷದ ಐದಾರು ದಿನಗಳನ್ನು ಕುಟುಂಬದ ಹೆಸರಿಗೆ ಬರೆದಿಟ್ಟುಕೊಂಡರೆ ಹೇಗೆ? ಉಳಿದ ಬಾಕಿಯನ್ನು ಮುಂದಿನ ವರ್ಷ ವಸೂಲು ಮಾಡಬಹುದು. ಮಕ್ಕಳ ಬಾಲ್ಯಕ್ಕೆ ಮಾತ್ರ ಅಂಥ ಅವಕಾಶವಿಲ್ಲ.