ಎಲುಬು, ಬೂದಿ, ಹಲ್ಲುಗಳ ಸಾಕ್ಷ್ಯ

ಭೀಮಾನದಿಯ ದಕ್ಷಿಣಕ್ಕಿರುವ ಜೇವರ್ಗಿಯ ಬಯಲಿನಲ್ಲಿ ಬಂಡೆಗಳ ವರ್ತುಲಗಳ ನಡುವೆ ಹುದುಗಿದ್ದ ಪ್ರಾಚೀನ ಗೋರಿಗಳನ್ನು, ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡಿದ್ದ ಮೆಡೋಸ್ ಟೇಲರನು ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಅಗೆಯಿಸಿದನು. ಅಗೆತವೆಂದರೆ ನಿಧಿಶೋಧವೆಂದೇ ಲೋಕವು ತಿಳಿದಿದ್ದ ಆ ಕಾಲದಲ್ಲಿ ಅವನು, ಭೂವಿಜ್ಞಾನಿಯು ಶಿಲಾಸ್ತರಗಳನ್ನು ಪರಿಶೀಲಿಸುವಂತೆ, ಮಣ್ಣು ಕಲ್ಲುಗಳು ಯಾವ ಕ್ರಮದಲ್ಲಿ ಕುಳಿತಿರುವುವೆಂಬುದನ್ನು ಛೇದಚಿತ್ರಗಳಲ್ಲಿ ಬರೆದಿರಿಸಿ ಪ್ರಕಟಿಸಿದನು. ಆ ಚಿತ್ರಗಳನ್ನು ಶತಮಾನದ ತರುವಾಯ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರರೂ ಶ್ಲಾಘಿಸಿದರು.

ಆದರೆ ರುಂಡ ಮುಂಡಗಳು ಬೇರ್ಪಟ್ಟು ಬಿದ್ದಿದ್ದ ಅಸ್ಥಿಗಳನ್ನು ಕಂಡು ಟೇಲರನು ನರಬಲಿಯನ್ನು ಊಹಿಸಿದನು. ಆ ಊಹೆಯನ್ನು ಒರೆಗೆ ಹಚ್ಚುವ ಸಾಧನ ಅವನಲ್ಲಿರಲಿಲ್ಲ. ಈಗಿನ ಅಸ್ಥಿಶಾಸ್ತ್ರಜ್ಞನಾದರೋ ಮೊದಲು ಕೊರಳಿನ ಎಲುಬುಗಳನ್ನು ಪರೀಕ್ಷಿಸುವನು: ಹಸಿಯಾದ ಎಲುಬಿನ ಮೇಲೆ ಬಿದ್ದ ಅಲಗಿನ ಗಾಯದ ಅಂಚು ನುಣುಪಾಗಿರುತ್ತದೆ, ಒಣಗಿದ ಮೇಲೆ ಮುರಿದುದರ ಅಂಚು ಒರಟಾಗಿ, ಬಣ್ಣದಲ್ಲಿಯೂ ಬೇರೆಯಾಗಿರುತ್ತದೆ. ಗಾಯವೇ ಇಲ್ಲದೆ ಎಲುಬುಗಳು ಕಲಸಿಹೋಗಿದ್ದರೆ, ಶವದ ಮಾಂಸವೆಲ್ಲ ಕರಗಿದ ಬಳಿಕ ಬಂಧುಗಳು ಅವನ್ನು ಆಯ್ದು ತಂದು ಹೂಳಿದರೆಂದು ಭಾವಿಸಲು ಅವಕಾಶವುಂಟು. ಕ್ರೌರ್ಯವೆಂದು ತೋರಿದುದು ಹೀಗೆ ಶ್ರದ್ಧೆಯೂ ಆಗಿರಬಹುದು. ಮೃತರ ವಿಷಯದಲ್ಲಿ ನಾವು ನೀಡುವ ತೀರ್ಪು ನ್ಯಾಯವಾಗಿರಬೇಕಾದರೆ ಇಂತಹ ಪರೀಕ್ಷೆ ಅತ್ಯಗತ್ಯ.

ಸ್ತರಗಳನ್ನು ಓದುವುದರಲ್ಲಿಯೂ ಎಚ್ಚರ ಬೇಕು. ಆಳಂದ, ಅಫಜಲಪುರಗಳ ಕಡೆ ಜ್ವಾಲಾಮುಖಿಯ ಶಿಲೆ ಸವೆದು ಹುಟ್ಟಿದ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದಷ್ಟೆ. ಆ ಬಿರುಕಿನೊಳಗೆ ನಿನ್ನೆಯ ಕಾಳೊಂದು ಜಾರಿ ಸಾವಿರಾರು ವರ್ಷಗಳ ಹಿಂದಿನ ಮಡಕೆಯ ಚೂರಿನ ಮಗ್ಗುಲಲ್ಲಿ ನಿಲ್ಲಬಹುದು. ಆದುದರಿಂದ ಕರಿಕಾದ ಕಾಳನ್ನೇ ಕಾಲಗಣನೆಗೆ ಒಡ್ಡುವರು. ಜೀವಿಯು ಸತ್ತ ಕ್ಷಣದಿಂದ ಅದರೊಳಗಿನ ಇಂಗಾಲ-14 ಪ್ರತಿ 5,730 ವರ್ಷಗಳಿಗೆ ಅರ್ಧದಂತೆ ಕ್ಷಯಿಸುವುದರಿಂದ, ಉಳಿದ ಪ್ರಮಾಣವೇ ಕಾಲವನ್ನು ತಿಳಿಸುತ್ತದೆ.

ಪ್ರಾಚೀನ ಬೂದಿಯ ಗುಡ್ಡೆಗಳಾದ ಬೂದಿದಿಬ್ಬಗಳ ರಹಸ್ಯ ಬಿಡಿಸಿದುದೂ ಪ್ರಯೋಗಶಾಲೆಯೇ. ಬಳ್ಳಾರಿಯ ಸೀಮೆಯಲ್ಲಿ ಇವನ್ನು ಭೀಮನು ಕೊಂದ ಹಿಡಿಂಬಾಸುರನ ಚಿತಾಭಸ್ಮವೆಂದು ಹೇಳುತ್ತಿದ್ದರು. ಕಬ್ಬಿಣ ಕರಗಿಸಿದ ಕಿಟ್ಟವೆಂದವರೂ ಇದ್ದರು. ಜ್ಯೂನರ್ ಎಂಬ ವಿಜ್ಞಾನಿಯು ಆ ಬೂದಿಯನ್ನು ಪರೀಕ್ಷಿಸಿ, ಅದು ಸುಟ್ಟ ಸಗಣಿಯೆಂದು ನಿಶ್ಚಯಿಸಿದನು. ಹುಲ್ಲು ತನ್ನ ಜೀವಕೋಶಗಳಲ್ಲಿ ಕಟ್ಟಿಕೊಂಡ ಮರಳಿನಂಥ ಸಿಲಿಕದ ಕಣಗಳು ದನದ ಹೊಟ್ಟೆಯನ್ನೂ ಬೆಂಕಿಯನ್ನೂ ದಾಟಿ ಉಳಿದು, ಸಗಣಿಗೆ ಸಾಕ್ಷಿಯಾಗುವುವು. ತೆಲಂಗಾಣದ ಉಟ್ನೂರಿನ ದಿಬ್ಬದಲ್ಲಿ ಪುರಾತತ್ತ್ವಜ್ಞ ಆಲ್ಚಿನ್ ಅವರಿಗೆ ದನಗಳ ಗೊರಸಿನ ಗುರುತುಗಳೇ ದೊರೆತುವು. ಜೇವರ್ಗಿಗೆ ನೆರೆಯ ಸುರಪುರ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ನಡೆಸಿದ ಉತ್ಖನನದಲ್ಲಿ ದನಗಳನ್ನು ಕೊಯ್ದು ಹಸಿಗೆಮಾಡಿದ ನೆಲವೂ ಪತ್ತೆಯಾಯಿತು. ಅಸುರನ ಬೂದಿಯಿಂದ ಗೋಪಾಲಕರ ಹಟ್ಟಿಯೇ ಎದ್ದುಬಂದಿತು!

ಹುಣಸಗಿಯ ಬಳಿಯ ಇಸಾಂಪುರದ್ದು ಇದಕ್ಕಿಂತಲೂ ಬೆರಗುಗೊಳಿಸುವ ಕಥೆ. ಸುಣ್ಣಕಲ್ಲಿನ ಹಾಸುಗಳನ್ನು ಎಬ್ಬಿಸಿ ಆದಿಮಾನವನು ಕೈಗೊಡಲಿ ಮಾಡಿದ ಆ ನೆಲೆಗೆ ಇಂಗಾಲದ ಗಣನೆ ನಿಲುಕದು. ಸುಮಾರು 50,000 ವರ್ಷಗಳಾಚೆ ಅಳೆಯುವಷ್ಟು ಇಂಗಾಲ-14 ಉಳಿಯುವುದಿಲ್ಲ. ಅಲ್ಲಿ ನೆರವಿಗೆ ಬಂದುದು ಸಸ್ಯಾಹಾರಿ ಪ್ರಾಣಿಗಳ ಹಲ್ಲು. ಮಣ್ಣಿನೊಳಗಿನ ಸಹಜವಾದ ವಿಕಿರಣವು ಹಲ್ಲಿನ ಎನಾಮೆಲ್‌ನಲ್ಲಿ ಎಲೆಕ್ಟ್ರಾನುಗಳನ್ನು ಕದಲಿಸಿ, ಅದರ ಹರಳುಗಳ ಕುಂದುಗಳಲ್ಲಿ ಸೆರೆಹಿಡಿಯುತ್ತಾ ಹೋಗುತ್ತದೆ. ಸೆರೆಯಾದವುಗಳ ಪ್ರಮಾಣವನ್ನು ಕಾಂತಕ್ಷೇತ್ರದಲ್ಲಿ ಅಳೆದು, ಅದರಿಂದ ತಿಳಿದ ಒಟ್ಟು ವಿಕಿರಣವನ್ನು ವರ್ಷಕ್ಕೆ ಬೀಳುವ ವಿಕಿರಣದಿಂದ ಭಾಗಿಸಿದಾಗ ಸುಮಾರು 12 ಲಕ್ಷ ವರ್ಷಗಳೆಂಬ ಉತ್ತರ ದೊರೆಯಿತು.

ಇಷ್ಟೆಲ್ಲವೂ ನಿಂತಿರುವುದು ವಸ್ತುವು ತನ್ನ ಸ್ಥಾನದಲ್ಲಿಯೇ ಇರುವುದರ ಮೇಲೆ. ಸುತ್ತಲಿನ ಮಣ್ಣಿನ ವಿಕಿರಣವನ್ನು ಅಳೆಯದೆ ಹಲ್ಲಿನ ವಯಸ್ಸು ತಿಳಿಯದು. ಆದುದರಿಂದ ಭೀಮಾತೀರದ ರೈತಬಂಧುಗಳಲ್ಲಿ ನನ್ನ ಕಳಕಳಿಯ ಬಿನ್ನಹವಿದು: ಹೊಲವನ್ನು ಸಮಮಾಡುವಾಗ ಕಲ್ಲಿನ ವರ್ತುಲವಾಗಲಿ, ಬೂದಿಯ ಪದರವಾಗಲಿ, ಹಳೆಯ ಎಲುಬಾಗಲಿ ಕಂಡರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿರಿ, ಎಲುಬನ್ನು ತೊಳೆಯಬೇಡಿರಿ, ಬೂದಿಯನ್ನು ಗೊಬ್ಬರಕ್ಕೆ ಹೊರಬೇಡಿರಿ, ಪುರಾತತ್ತ್ವ ಇಲಾಖೆಗೆ ತಿಳಿಸಿರಿ.