ಶ್ರೀಖಂಡದಿಂದ ಇಳಿದ ಹಳದಿ ನೀರು

ಪುಣೆಗೆ ಬಂದು ನೆಲೆಸಿದ ನಮ್ಮ ಕನ್ನಡಿಗರ ಮನೆಗಳಲ್ಲೂ ಯುಗಾದಿಯಂದು ಹೋಳಿಗೆಯ ಪಕ್ಕದಲ್ಲಿ ಶ್ರೀಖಂಡ ಬಂದು ಕುಳಿತಿದೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದಾಗ ಕೆಳಗಿನ ಪಾತ್ರೆಗೆ ಹಸಿರು ಛಾಯೆಯ ಹಳದಿ ನೀರು ಇಳಿಯುತ್ತದೆ. ಮೋರಿಗೆ ಚೆಲ್ಲುವವರೇ ಹೆಚ್ಚು. ಆ ಬಣ್ಣ ರೈಬೋಫ್ಲೇವಿನ್‌ನದು, ಅಂದರೆ ಬಿ2 ಜೀವಸತ್ವದ್ದು. ಜರ್ಮನಿಯ ರಿಚರ್ಡ್ ಕುನ್ ಮತ್ತು ಸಂಗಡಿಗರು 1933ರಲ್ಲಿ ಇದನ್ನು ಬೇರ್ಪಡಿಸಿದರು.

ಫ್ಲೇವಿನ್‌ಗಳ ಕೆಲಸ ನಮ್ಮ ಬ್ಯಾಂಕಿನ ಕ್ಯಾಷಿಯರನದೇ. ಒಂದು ಕಡೆ ಎಲೆಕ್ಟ್ರಾನ್ ಪಡೆಯಬೇಕು, ಇನ್ನೊಂದು ಕಡೆ ಕೊಡಬೇಕು, ತಾನು ಇಟ್ಟುಕೊಳ್ಳುವಂತಿಲ್ಲ! ನೀಲಿ ಬೆಳಕು ಬಿದ್ದರೆ ಈ ಕ್ಯಾಷಿಯರ್ ಬಲು ಚುರುಕು. 1960ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗ್‌ಹ್ಯಾಮ್ ಕೊಬ್ಬಿನಂಥ ಲೆಸಿಥಿನ್‌ನಿಂದ ಲೈಪೋಸೋಮ್ ಎಂಬ ಸೂಕ್ಷ್ಮ ಗುಳ್ಳೆಗಳಾಗುವುದನ್ನು ತೋರಿಸಿದರು. ಅವುಗಳ ಪೊರೆ ಜೀವಕೋಶದ ಪೊರೆಯಂತೆಯೇ ಎರಡು ಪದರದ್ದು. ಮುಂದೆ ಇಂಥ ಕೃತಕ ಪೊರೆಗೆ ಫ್ಲೇವಿನ್ ಸೇರಿಸಿ ಬೆಳಕು ಹಾಯಿಸಿದಾಗ ಎಲೆಕ್ಟ್ರಾನ್‌ಗಳು ಹೊರಗಿನಿಂದ ಒಳಕ್ಕೆ ದಾಟಿದವು. ಕಿಟಕಿಯತ್ತ ಸಸಿ ಬಾಗುವುದರ ಹಿಂದೆಯೂ ಫ್ಲೇವಿನ್ ಹೊತ್ತ ಪ್ರೋಟೀನ್ ಇದೆ.

ಆದರೆ ಬೆಳಕು ಈ ಕ್ಯಾಷಿಯರನನ್ನೇ ಕೊಲ್ಲುತ್ತದೆ. ಗಾಜಿನ ಬಾಟಲಿಯ ಹಾಲನ್ನು ಎರಡು ಗಂಟೆ ಬಿಸಿಲಿಗಿಟ್ಟರೆ ಬಿ2ದ ಅರ್ಧದಷ್ಟು ಹಾಳು, ರುಚಿಯೂ ಕೆಡುತ್ತದೆ. ಬಿ2 ಕಡಿಮೆಯಾದರೆ ಮಕ್ಕಳ ಬಾಯಿಯ ಅಂಚು ಬಿರಿಯುತ್ತದೆ. ನಮ್ಮ ಸೊಸೈಟಿಯಲ್ಲಿ ಬಾಗಿಲಿಗೆ ತೂಗಿದ ಹಾಲಿನ ಚೀಲಗಳು ಒಂಬತ್ತರವರೆಗೂ ಬಿಸಿಲು ಕಾಯುತ್ತಿರುತ್ತವೆ. ಎದ್ದ ಕೂಡಲೇ ಒಳಗೆ ತನ್ನಿ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ.

ಹಳದಿ ನೀರಿನಲ್ಲಿ ನಮ್ಮ ಮನೆಯವರು ಈಗ ಚಪಾತಿ ಹಿಟ್ಟು ಕಲಸುತ್ತಾರೆ. ಬಿ2 ಒಲೆಯ ಕಾವಿಗೆ ಅಷ್ಟಾಗಿ ಅಂಜುವುದಿಲ್ಲ.